ಗಿಡಕ್ಕೆ ಗೊತ್ತಾಗದ ಹಾಗೆ

ಸ್ಕೇಲಣ್ಣನವರ ಹತ್ತಿರ ಗಿಡ ಅಳೆಯುವುದನ್ನು ಕಲಿಯಲು ಹೋದವರಿಗೆ ಮೊದಲ ಪಾಠ ಉಗುರಿನದು. ಎರಡೂ ಕೈ ಚಾಚಬೇಕು. ಉಗುರು ಬೆರಳ ತುದಿ ದಾಟಿದ್ದರೆ ಅವತ್ತಿಗೆ ಪಾಠ ಮುಗಿಯಿತು, ಕತ್ತರಿಸಿಕೊಂಡು ನಾಳೆ ಬನ್ನಿ. ಉಂಗುರ, ಬಳೆ, ಗಡಿಯಾರ ಬಾಗಿಲ ಹೊರಗಿನ ಡಬ್ಬಿಗೆ. ಅಂಗಿಯ ತೋಳು ಮೊಣಕೈವರೆಗೆ ಮಡಿಸಿರಬೇಕು, ಇಲ್ಲದಿದ್ದರೆ ತೋಳಿನ ಗುಂಡಿ ಎಲೆಗೆ ತಾಗುತ್ತದೆ. ಇಷ್ಟಾದ ಮೇಲೆ ಸ್ಕೇಲನ್ನು ಮಣ್ಣಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎಲೆಯನ್ನು ಎರಡು ಬೆರಳ ನಡುವೆ ಸಡಿಲವಾಗಿ ಬಿಟ್ಟು, ಬುಡದಿಂದ ತುದಿಗೆ ನೇರ ಮಾಡಿ, ಅಂಕಿ ಓದಿ, ಕೈ ತೆಗೆಯಬೇಕು. ಎಲೆಯನ್ನು ಹಿಡಿಯುವುದಲ್ಲ. ಎಲೆ ತಾನಾಗಿ ಬಂದು ಬೆರಳಿಗೆ ಒರಗಬೇಕು.

"ಅಳೆದದ್ದು ಗಿಡಕ್ಕೆ ಗೊತ್ತಾಗಬಾರದು" ಎನ್ನುವುದು ಅವರ ಮಾತು. ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷದಿಂದ ಅದನ್ನೇ ಹೇಳುತ್ತಿದ್ದರು. ಕುಂಡ ಹೊರಲು ದಿನಗೂಲಿಗೆ ಸೇರಿದ ಮನುಷ್ಯ, ಎರಡನೇ ವರ್ಷ ಕೈಗೆ ಸ್ಕೇಲು ಬಂತು, ಆಮೇಲೆ ಅದು ಕೈ ಬಿಡಲೇ ಇಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು.

ಅವರ ಬಳಿ ಕಲಿತವರಲ್ಲಿ ಒಬ್ಬಳು ಹುಡುಗಿ, ಇಪ್ಪತ್ತು ವರ್ಷದ ಹಿಂದೆ, ಉಗುರಿಗಾಗಿ ಎರಡು ಸಲ ವಾಪಸ್ ಹೋದವಳು. ತನ್ನ ಪ್ರಬಂಧಕ್ಕಾಗಿ ಅವಳು ನಲವತ್ತು ಗಿಡಗಳನ್ನು ಎರಡು ಪಾಲು ಮಾಡಿದ್ದಳು. ಒಂದು ಪಾಲನ್ನು ಸ್ಕೇಲಣ್ಣ ದಿನವೂ ಅಳೆದರು, ಇನ್ನೊಂದನ್ನು ಕೊನೆಯ ದಿನದವರೆಗೆ ಯಾರೂ ಮುಟ್ಟಲಿಲ್ಲ. ಕೊನೆಗೆ ನೋಡಿದರೆ ಎರಡೂ ಒಂದೇ ಎತ್ತರ. ಪ್ರಬಂಧದ ಅರವತ್ತೊಂದನೇ ಪುಟದಲ್ಲಿ ಅವಳು ಬರೆದಳು: "ದಿನನಿತ್ಯದ ಅಳತೆಯಿಂದ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ." ಸ್ಕೇಲಣ್ಣ ಆ ಸಾಲನ್ನು ಅವಳಿಂದ ಎರಡು ಸಲ ಓದಿಸಿಕೊಂಡರು. ಹೆಸರಿಲ್ಲದಿದ್ದರೇನು, ಅದು ತಮ್ಮ ಕೈಯ ಬಗ್ಗೆಯೇ ಬರೆದ ಸಾಲು. ಆ ಪುಟದ ನಕಲು ಪ್ರತಿಯೊಂದು ಅವರ ಮನೆಯ ಕಪಾಟಿನಲ್ಲಿ, ಮದುವೆಯ ಫೋಟೊ ಇಟ್ಟ ಲಕೋಟೆಯೊಳಗೇ ಇತ್ತು.

ಆ ಹುಡುಗಿ ಈಗ ಅದೇ ಸಂಸ್ಥೆಯಲ್ಲಿ ವಿಜ್ಞಾನಿ. ಎಲ್ಲರಿಗೂ ಮೇಡಂ. ಸ್ಕೇಲಣ್ಣನಿಗೂ ಮೇಡಂ. ಆಕೆಗೆ ಮಾತ್ರ ಅವರು ಇನ್ನೂ ಅಣ್ಣ.

ಮೇಡಂ ಹಿಡಿದಿದ್ದ ಕೆಲಸ ಗೋಧಿ ಗಿಡದ ಸ್ಪರ್ಶದ್ದು. ಅದನ್ನು ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಸ್ಕೇಲಣ್ಣನಿಗೆ ವಿವರಿಸಿದ್ದರು. ಜೀವಕೋಶದ ಸುತ್ತಲಿನ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಗಾಳಿಗೋ ಕೈ ತಾಗಿಯೋ ಪೊರೆ ಜಗ್ಗಿದರೆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗಿಡಕ್ಕೆ ಸುದ್ದಿ ಮುಟ್ಟುತ್ತದೆ. ಸುದ್ದಿ ದಿನವೂ ಬರತೊಡಗಿದರೆ ಗಿಡ ಎತ್ತರದ ಆಸೆ ಬಿಟ್ಟು ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತದೆ. ಗಾಳಿಗೆ ಬೆಳೆ ಅಡ್ಡ ಬೀಳುವುದನ್ನು ತಡೆಯಬೇಕಾದರೆ ಆ ಬಾಗಿಲುಗಳ ಗುಟ್ಟು ತಿಳಿಯಬೇಕು. ಕಷ್ಟ ಏನೆಂದರೆ, ಬಾಗಿಲು ಕಟ್ಟುವ ಜೀನ್‌ಗಳು ಒಂದೆರಡಲ್ಲ, ಕುಟುಂಬ ಕುಟುಂಬವಾಗಿ ಇವೆ. ಗೋಧಿಯಲ್ಲಂತೂ ಹೆಚ್ಚುಕಡಿಮೆ ಪ್ರತಿ ಸದಸ್ಯನಿಗೂ ಮೂರು ಮೂರು ಪ್ರತಿ. ಒಂದನ್ನು ಕೆಡಿಸಿದರೆ ಅದರ ಕೆಲಸವನ್ನು ಇನ್ನೊಂದು ಸದ್ದಿಲ್ಲದೆ ಮಾಡಿಬಿಡುತ್ತದೆ. ಹೊರಗಿನಿಂದ ನೋಡಿದರೆ ಗಿಡಕ್ಕೆ ಏನೂ ಆಗಿಯೇ ಇಲ್ಲ.

"ಗೊತ್ತಾಯ್ತು ಬಿಡಿ" ಅಂದಿದ್ದರು ಸ್ಕೇಲಣ್ಣ. "ಅಣ್ಣ ಜ್ವರ ಅಂತ ಮಲಗಿದ್ರೆ ತಮ್ಮ ಹೋಗಿ ಅಂಗಡಿ ಬಾಗಿಲು ತೆಗೀತಾನೆ. ಗಿರಾಕಿಗೆ ಜ್ವರದ ಸುದ್ದಿನೇ ಇಲ್ಲ."

ಒಂದಿಡೀ ಕುಟುಂಬವನ್ನು ಸುಮ್ಮನಾಗಿಸಲು ಮೇಡಂಗೆ ಆರು ವರ್ಷ ಹಿಡಿಯಿತು. ಹಾಗೆ ಸಿಕ್ಕ ಗಿಡಗಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಸ್ಕೇಲಣ್ಣ ಅವಕ್ಕೆ ಕಿವುಡರು ಎಂದು ಹೆಸರಿಟ್ಟರು. ಹಾಗಾದರೆ ಉಳಿದವು? ಉಳಿದವು ಕಿವಿ ಇದ್ದವರು.

ಪ್ರಯೋಗಕ್ಕೆ ಎರಡು ಕೋಣೆ. ಒಂದರಲ್ಲಿ ಮೋಟಾರಿಗೆ ಕಟ್ಟಿದ ಮೆತ್ತನೆಯ ಕುಂಚ ದಿನಕ್ಕೆ ನಲವತ್ತು ಸಲ ಎಲೆಗಳ ಮೇಲೆ ಸವರಿಹೋಗುತ್ತಿತ್ತು. ಇನ್ನೊಂದು ಸುಮ್ಮನಿರುವ ಕೋಣೆ, ಅಲ್ಲಿ ಗಾಳಿಯೂ ಇಲ್ಲ, ಕುಂಚವೂ ಇಲ್ಲ. ಎರಡರಲ್ಲೂ ಅರ್ಧ ಕಿವುಡರು, ಅರ್ಧ ಕಿವಿ ಇದ್ದವರು. ದಿನವೂ ಬೆಳಿಗ್ಗೆ ಅಳತೆ. ಮೊದಲ ಎರಡು ಬೆಳೆ ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಬಂದವು. ಆರನೇ ವಾರಕ್ಕೆ ಕಿವಿ ಇದ್ದವರು ಸುಮ್ಮನಿರುವ ಕೋಣೆಯಲ್ಲಿ ಐವತ್ತೆರಡು ಸೆಂಟಿಮೀಟರ್, ಕುಂಚದ ಕೋಣೆಯಲ್ಲಿ ನಲವತ್ತನಾಲ್ಕು. ಕಿವುಡರು ಎಲ್ಲಿದ್ದರೂ ಐವತ್ತೊಂದು. ಮೂರನೇ ಬೆಳೆಯೂ ಹೀಗೇ ಬಂದರೆ ಮೇಡಂ ಅದನ್ನು ಪ್ರಕಟಿಸಬಹುದು, ಆರು ವರ್ಷದ ಕೆಲಸ ಸಾರ್ಥಕವಾಗುತ್ತದೆ. ಅದು ಸ್ಕೇಲಣ್ಣನ ಕೈಯ ಕೊನೆಯ ದೊಡ್ಡ ಕೆಲಸ ಎಂಬುದೂ ಇಬ್ಬರಿಗೂ ಗೊತ್ತಿತ್ತು.

ಮೂರನೇ ಬೆಳೆ ಹಾಗೆ ಬರಲಿಲ್ಲ.

ಸುಮ್ಮನಿರುವ ಕೋಣೆಯಲ್ಲಿ ಕಿವಿ ಇದ್ದವರು ನಲವತ್ತೇಳಕ್ಕೇ ನಿಂತುಬಿಟ್ಟರು. ಮೇಡಂ ಮಣ್ಣು ಪರೀಕ್ಷಿಸಿದರು, ದೀಪಗಳ ಬೆಳಕು ಅಳೆದರು, ಬೀಜದ ಚೀಲ ಬದಲಾಗಿದೆಯೇ ನೋಡಿದರು. ಸ್ಕೇಲಣ್ಣ ಚಾವಣಿಯಿಂದ ದಾರ ಇಳಿಬಿಟ್ಟು ಅರ್ಧ ದಿನ ಕೂತು ನೋಡಿದರು. ದಾರ ಅಲುಗಲಿಲ್ಲ. ಅಂದಮೇಲೆ ಗಾಳಿಯಲ್ಲ. ಗಾಳಿಯಲ್ಲ ಎಂದರೆ ಕೈ. ಯಾರದೋ ಕೈ ಗಿಡಕ್ಕೆ ತಾಗುತ್ತಿದೆ.

ಆ ಕೋಣೆಗೆ ಹೋಗುತ್ತಿದ್ದವರು ಇಬ್ಬರೇ. ಒಬ್ಬರು ಸ್ಕೇಲಣ್ಣ, ಇನ್ನೊಬ್ಬಳು ಕುಂಡಗಳ ಕೆಳಗಿನ ಟ್ರೇಗೆ ನೀರು ಹಾಕುವ ನೀರಕ್ಕ. ಹನ್ನೊಂದು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಸ್ಕೇಲಣ್ಣ ಅವಳ ಹೆಸರು ಹೇಳಲಿಲ್ಲ. ನೀರು ಹಾಕುವಾಗ ಸೆರಗು ತಾಗಬಹುದು, ಮೊಣಕೈ ತಾಗಬಹುದು ಎಂದರು, ಎಲ್ಲರೂ ಇದ್ದಾಗಲೇ. ನೀರಕ್ಕ ಪೈಪನ್ನು ಸುತ್ತಿ ಗೂಟಕ್ಕೆ ಹಾಕುತ್ತಾ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದಲ್ಲ, ಬೇಕಾದವರು ಮುಟ್ಟಿಕೊಳ್ಳಲಿ ಎಂದಳು. ಅವತ್ತಿನಿಂದ ಅವರಿಗೆ ಚಹಾ ತಂದುಕೊಡುವುದನ್ನೂ ನಿಲ್ಲಿಸಿದಳು.

ಮತ್ತೆ ಬಿತ್ತಿದರು. ಈ ಸಲ ಸ್ಕೇಲಣ್ಣ ಕೋಣೆಗೆ ಬೀಗ ಹಾಕಿಸಿದರು. ಬೀಗದ ಕೈ ಒಂದೇ, ಅದು ಅವರ ಜೇಬಿನಲ್ಲಿ. ನೀರನ್ನೂ ತಾವೇ ಹಾಕಿದರು. ಮೇಡಂ ಕೂಡ ಗಾಜಿನ ಹೊರಗಿನಿಂದಲೇ ನೋಡಬೇಕು. ಹೀಗೆ ಆರು ವಾರ.

ಆ ಆರು ವಾರದಲ್ಲಿ ಅವರ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಅವರ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ತುಂಬ ನೀಲಿ ಬಟ್ಟೆಯ ತುಂಡುಗಳು. ಸಂಜೆ ಸ್ಕೇಲಣ್ಣ ಆ ತುಂಡುಗಳನ್ನು ಒಳಮೈ ಹೊರಮೈ ನೋಡಿ ಜೋಡಿಸಿಕೊಡುತ್ತಿದ್ದರು. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಇಳಿಸುವುದಂತೂ ಮನೆಯ ತಮಾಷೆಯೇ ಆಗಿತ್ತು. ಹೆಂಡತಿಯ ತಮ್ಮ ಬಂದಾಗಲೆಲ್ಲ "ಇಕ್ಕಳ ಭಾವ" ಎಂದು ಕರೆಯುತ್ತಿದ್ದ. ನಿಮ್ಮ ಮನೆಗೆ ಪಾತ್ರೆ ಸಾಮಾನು ಕೊಡುವಾಗ ಒಂದು ಇಕ್ಕಳದ ಖರ್ಚು ಉಳಿಯಿತು ಎನ್ನುತ್ತಿದ್ದ. ಸ್ಕೇಲಣ್ಣ ಹಿಗ್ಗಿ, ಕೆಲಸ ಮಾಡಿದ ಕೈ ಅಂದರೆ ಹೀಗಿರಬೇಕು ಎಂದು ಅಂಗೈ ತೋರಿಸುತ್ತಿದ್ದರು. ಒಂದು ಸಲ ಒಂದು ಕಾಲಿನ ಚಪ್ಪಲಿ ಎಲ್ಲೋ ಜಾರಿಹೋಗಿ, ಅದು ತಿಳಿಯದೆ ಸಂಸ್ಥೆಯ ಗೇಟಿನವರೆಗೂ ನಡೆದು ಬಂದಿದ್ದರು. ಅದೂ ಒಂದು ವಾರದ ನಗುವಿಗಾಯಿತು. ಪೆನ್ಸಿಲ್ಲಿನ ಮುಳ್ಳು ಮಾತ್ರ ಪದೇ ಪದೇ ಮುರಿಯುತ್ತಿತ್ತು. ಈಗಿನ ಪೆನ್ಸಿಲ್ಲಿಗೆ ಜೀವವೇ ಇಲ್ಲ ಎಂದು ಬೈದುಕೊಳ್ಳುತ್ತಿದ್ದರು.

ಆರನೇ ವಾರದ ಕೊನೆಯ ಅಳತೆ ಮುಗಿಸಿ, ಬೀಗ ಹಾಕಿ, ಸ್ಕೇಲಣ್ಣ ತಮ್ಮ ಮೇಜಿಗೆ ಬಂದು ಕೂತರು. ಸರಾಸರಿ ತೆಗೆಯುವುದು ಮೇಡಂ ಕೆಲಸ. ಅವತ್ತು ತಡೆಯಲಾಗದೆ ತಾವೇ ತೆಗೆದರು. ಕಿವಿ ಇದ್ದವರು ನಲವತ್ತಾರು.

ಮತ್ತೊಮ್ಮೆ ಕೂಡಿದರು. ನಲವತ್ತಾರೇ. ಹೋದ ಸಲಕ್ಕಿಂತಲೂ ಒಂದು ಕಡಿಮೆ.

ಹಾಳೆ ತಿರುಗಿಸಿ ಕಿವುಡರದ್ದನ್ನು ಕೂಡಿದರು. ಐವತ್ತೊಂದು.

ಮೂವತ್ತೊಂದು ವರ್ಷ ಅಂಕಿಗಳ ಜೊತೆ ಬದುಕಿದ ಮನುಷ್ಯ. ಓದಿದ್ದು ಹತ್ತನೇ ತರಗತಿಯಾದರೂ ಅಂಕಿ ಏನು ಹೇಳುತ್ತದೆ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮಣ್ಣು ಕೆಟ್ಟಿದ್ದರೆ ಕಿವುಡರೂ ಕುಗ್ಗಬೇಕಿತ್ತು. ಬೆಳಕು ಸಾಲದೆ ಹೋಗಿದ್ದರೂ ಹಾಗೇ, ಅವರಿಗೂ ಇವರಿಗೂ ಒಂದೇ ದೀಪ. ಕುಗ್ಗಿದ್ದು ಮುಟ್ಟಿದರೆ ತಿಳಿಯುವ ಗಿಡ ಮಾತ್ರ. ಅಂದರೆ ಮುಟ್ಟಿದ್ದಾರೆ. ದಿನವೂ, ಕುಂಚದಷ್ಟಲ್ಲದಿದ್ದರೂ ಅದರ ಹತ್ತಿರ ಹತ್ತಿರ ಬರುವಷ್ಟು ಒತ್ತಿ ಮುಟ್ಟಿದ್ದಾರೆ. ಕೋಣೆಗೆ ಬೀಗವಿತ್ತು. ಬೀಗದ ಕೈ ಒಂದೇ ಇತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಸ್ಕೇಲಣ್ಣ ಬಹಳ ಹೊತ್ತು ತಮ್ಮ ಅಂಗೈ ನೋಡುತ್ತಾ ಕೂತರು. ಅಲ್ಲೇನೂ ಕಾಣಲಿಲ್ಲ. ಎಂದಿನ ಕೈ, ಕತ್ತರಿಸಿದ ಉಗುರು, ತೋರುಬೆರಳ ಪಕ್ಕದಲ್ಲಿ ಒಂದು ಹಳೆಯ ಸುಟ್ಟ ಗುರುತು. ಅದು ಯಾವಾಗ ಸುಟ್ಟದ್ದು ಎಂದು ಯೋಚಿಸಿದರು. ನೆನಪಾಗಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದಿತ್ತು, ಅದೂ ನೆನಪಿಲ್ಲ.

ಪುಸ್ತಕ ಹಿಡಿದುಕೊಂಡು ಮೇಡಂ ಕೋಣೆಗೆ ಹೋದರು. ಮೇಡಂ ಎರಡು ಅಂಕಿಯನ್ನೂ ನೋಡಿ, ಅವರ ಮುಖ ನೋಡಲಿಲ್ಲ. ಆಕೆಗೂ ಗೊತ್ತಾಗಿತ್ತು. ಬಹುಶಃ ಕೆಲವು ದಿನದಿಂದ ಗೊತ್ತಿತ್ತು, ಗಾಜಿನ ಹೊರಗೆ ನಿಂತು ನೋಡಿದವರಲ್ಲವೇ. ಬೀಜದ್ದೇ ಏನಾದರೂ ಇರಬಹುದು, ಇನ್ನೊಮ್ಮೆ ನೋಡೋಣ ಎಂದು ತೊದಲಿದರು. ಸ್ಕೇಲಣ್ಣ ಕಿಟಕಿಯಲ್ಲಿದ್ದ ಕುಂಡದಿಂದ ಒಂದು ಗೋಧಿ ಎಲೆ ಕತ್ತರಿಸಿ ಆಕೆಯ ಮೇಜಿನ ಮೇಲಿಟ್ಟರು. ಎದುರಿನ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಅಂಗಾತ ಮೇಜಿನ ಮೇಲೆ ಚಾಚಿ, ಕಣ್ಣು ಮುಚ್ಚಿಕೊಂಡರು.

"ಇದನ್ನ ನನ್ನ ಬೆರಳ ಮೇಲೆ ಇಡಮ್ಮ" ಎಂದರು. ಮೇಡಂ ಎನ್ನುವುದು ಮರೆತುಹೋಗಿತ್ತು.

ಹೊರಗೆ ಯಾರೋ ಕುಂಡಗಳ ಗಾಡಿ ತಳ್ಳಿಕೊಂಡು ಹೋದ ಸದ್ದು ಬಂತು. ಸ್ಕೇಲಣ್ಣ ಕಾದರು.

"ಇಡು ತಾಯಿ. ಪರವಾಗಿಲ್ಲ, ಇಡು."

ಮೇಡಂ ಉಸಿರು ಸರಿಯಿಲ್ಲ ಎಂಬುದು ಕೇಳಿಸುತ್ತಿತ್ತು. ಸ್ಕೇಲಣ್ಣ ಕಣ್ಣು ಬಿಟ್ಟರು. ಎಲೆ ಅವರ ನಾಲ್ಕು ಬೆರಳುಗಳ ಮೇಲೆ ಅಡ್ಡಕ್ಕೆ ಮಲಗಿತ್ತು. ಅದರ ಮೇಲೆ ಆಕೆ ತನ್ನ ಬೆರಳನ್ನೂ ಇಟ್ಟು ಒತ್ತಿ ಹಿಡಿದಿದ್ದಳು.

ಅವತ್ತು ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಯಂತ್ರ ನಿಲ್ಲಿಸಿ ಕೇಳಿದಳು. ಆಶ್ಚರ್ಯಪಡಲಿಲ್ಲ. ಅದನ್ನು ನೋಡಿ ಸ್ಕೇಲಣ್ಣನಿಗೇ ಆಶ್ಚರ್ಯವಾಯಿತು.

"ನಿನಗೆ ಗೊತ್ತಿತ್ತಾ?"

ಅವಳು ಮಡಿಲಲ್ಲಿದ್ದ ನೀಲಿ ತುಂಡನ್ನು ಮಡಿಸಿದಳು, ಬಿಚ್ಚಿದಳು. ಎರಡು ವರ್ಷದಿಂದ ಗೊತ್ತು ಎಂದಳು. ಬಟ್ಟೆಯ ಒಳಮೈ ಹೊರಮೈ ಅವರು ತಪ್ಪಾಗಿ ಜೋಡಿಸತೊಡಗಿದ್ದೇ ಮೊದಲ ಗುರುತು. ಕಣ್ಣು ಮುಚ್ಚಿ ಸವರಿ ಹೇಳುತ್ತಿದ್ದ ಮನುಷ್ಯ. ಅವರು ಮಲಗಿದ ಮೇಲೆ ಅವಳು ಎಲ್ಲವನ್ನೂ ತಿರುಗಿಸಿ ಜೋಡಿಸಿಡುತ್ತಿದ್ದಳು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರು ತಡಮಾಡುತ್ತಿದ್ದಾರೆ ಎಂದು ಕಂಡಾಗ ಎಲ್ಲ ಅಂಗಿಗೂ ಒಳಗಡೆ ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿದು, ಗುಂಡಿಗಳನ್ನು ಮೇಲೆ ಸುಮ್ಮನೆ ಅಂಟಿಸಿದ ಹಾಗೆ ಹೊಲಿದುಬಿಟ್ಟಿದ್ದಳು. ಇಸ್ತ್ರಿ ಕೆಡುವುದಿಲ್ಲ ಎಂದು ಆಗ ಹೇಳಿದ್ದಳು, ಅವರು ನಂಬಿದ್ದರು. ಸ್ನಾನದ ನೀರಿಗೆ ಮೊದಲು ಕೈಯಿಡುತ್ತಿದ್ದವಳು ಅವಳು. ತಮ್ಮನ ಇಕ್ಕಳದ ತಮಾಷೆಗೆ ನಗುತ್ತಿದ್ದವಳೂ ಅವಳೇ.

"ಹೇಳಬಾರದಿತ್ತಾ?"

"ಹೇಗ್ರೀ ಹೇಳಲಿ? ಊಟಕ್ಕೆ ಕೂತ್ರೂ ನಿಮ್ಮ ಕೈ ಸುದ್ದಿನೇ. ಆ ಕಾಗದ ಬೇರೆ ಮದುವೆ ಫೋಟೊ ಜೊತೆ ಇಟ್ಟಿದ್ದೀರಿ." ತುಂಡನ್ನು ಪಕ್ಕಕ್ಕಿಟ್ಟು ಅವಳೇ ಹೇಳಿದಳು, "ನಿಮಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಇನ್ನೆರಡು ವರ್ಷ ತಾನೇ ಅಂತ."

ಸ್ಕೇಲಣ್ಣ ಅಂಗಿಯ ಮೇಲಿನ ಗುಂಡಿಯನ್ನು ಹಿಡಿದು ನೋಡಿದರು. ಅದಕ್ಕೆ ಕಾಜವೇ ಇರಲಿಲ್ಲ. ಇಷ್ಟು ದಿನ ಅದನ್ನು ಗಮನಿಸಿರಲಿಲ್ಲ. ಸಿಟ್ಟು ಬರುತ್ತದೇನೋ ಎಂದು ಕಾದರು. ಅದು ಬರಲಿಲ್ಲ. ತಾವು ಇಷ್ಟು ದಿನ ಒಬ್ಬರೇ ನಡೆದಿಲ್ಲ, ಇವಳು ತಮ್ಮನ್ನು ಎತ್ತಿಕೊಂಡು ಬಂದಿದ್ದಾಳೆ ಎಂಬ ನಾಚಿಕೆಯಂಥದ್ದು ಏನೋ ಬಂತು, ಅದು ಸಿಟ್ಟಿಗಿಂತ ಕಷ್ಟವಾಗಿತ್ತು.

ಡಾಕ್ಟರು ಮೊದಲು ಕಾಲು ನೋಡಿದರು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ಮಾತ್ರೆ ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. ನರಗಳು ಕೆಡುವುದು ಪಾದದಿಂದ ಶುರುವಾಗಿ ಈಗ ಕೈಗೆ ಬಂದಿದೆ ಎಂದರು. ಹೋದದ್ದು ಹೆಚ್ಚಾಗಿ ಹಿಂದಿರುಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ದಿನವೂ ಪಾದ ನೋಡಿಕೊಳ್ಳಬೇಕು, ಬಿಸಿಯ ಹತ್ತಿರ ಹೋಗಬಾರದು. ಕೈ ಮೊದಲಿನಂತೆ ಆಗುವುದೇ ಇಲ್ಲವೇ ಎಂದು ಸ್ಕೇಲಣ್ಣ ಒಂದೇ ಸಲ ಕೇಳಿದರು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಅಷ್ಟರಲ್ಲೇ ಉತ್ತರ ಸಿಕ್ಕಿತು.

ಮೇಡಂ ಆ ಎರಡು ಬೆಳೆಗಳನ್ನು ಲೆಕ್ಕದಿಂದ ಬಿಟ್ಟುಬಿಡುವ ಮಾತಾಡಿದರು. ಉಷ್ಣತೆಯಲ್ಲಿ ಏರುಪೇರಾಗಿತ್ತು ಎಂದು ಬರೆದರೆ ಯಾರೂ ಕೇಳುವುದಿಲ್ಲ, ಅಣ್ಣನ ಹೆಸರು ಎಲ್ಲೂ ಬರುವುದು ಬೇಡ. ಸ್ಕೇಲಣ್ಣ ಒಪ್ಪಲಿಲ್ಲ. ಉಷ್ಣತೆ ಏರಿರಲಿಲ್ಲ, ಆ ಅಂಕಿಗಳನ್ನೂ ಬರೆದವರು ತಾವೇ. ಅಳತೆ ಪುಸ್ತಕದ ಪ್ರತಿ ಪುಟದ ಕೊನೆಯಲ್ಲಿ ಷರಾ ಎಂದೊಂದು ಅಂಕಣವಿತ್ತು. ದೀಪ ಕೆಟ್ಟಿತು, ಹುಳು ಬಿತ್ತು ಎಂದೆಲ್ಲ ಬರೆಯುವ ಜಾಗ. ಅಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: "ಅಳೆದವನ ಬೆರಳಿಗೆ ಸ್ಪರ್ಶ ಇಲ್ಲ. ಅಳೆದದ್ದು ಗಿಡಕ್ಕೆ ಗೊತ್ತಾಗಿದೆ." ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದರು. ಹಾಜರಿ ಪುಸ್ತಕ ಬಿಟ್ಟರೆ ಆ ಹೆಸರು ಸಂಸ್ಥೆಯಲ್ಲಿ ಕಾಣಿಸಿದ್ದು ಅಲ್ಲಿ ಮಾತ್ರ.

ಇನ್ನೊಂದು ಕೆಲಸ ಉಳಿದಿತ್ತು. ನೀರಕ್ಕ ನಲ್ಲಿಯ ಹತ್ತಿರ ಟ್ರೇ ತೊಳೆಯುತ್ತಿದ್ದಳು. ಸ್ಕೇಲಣ್ಣ ಹೋಗಿ ನಿಂತರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಬಾಯಿಗೆ ಬರಲಿಲ್ಲ. ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟರು.

"ಬೇಲಿನೇ ಎದ್ದು ಹೊಲ ಮೇಯ್ತು ನೀರಕ್ಕ."

ಅವಳು ತಲೆ ಎತ್ತಲಿಲ್ಲ. ಸುದ್ದಿ ಅವಳಿಗೆ ಆಗಲೇ ತಲುಪಿತ್ತು. ಆರು ವಾರ ತನ್ನ ಬಗ್ಗೆ ಕ್ಯಾಂಟೀನಿನಲ್ಲಿ ಏನೇನು ಮಾತಾಡಿದರು ಗೊತ್ತೇ ಎಂದು ಕೇಳಿದಳು. ಗೊತ್ತು ಎಂದರು. ಅವಳು ಇನ್ನೂ ನಾಲ್ಕು ಟ್ರೇ ತೊಳೆದಳು. ಅವರು ಅಲ್ಲೇ ನಿಂತಿದ್ದರು. ಆಮೇಲೆ ಸ್ಕೇಲನ್ನು ಬೀಗದ ಕೈಯ ಪಕ್ಕದಲ್ಲಿಟ್ಟು, ಮೇಡಂ ಮತ್ತೆ ಬಿತ್ತುತ್ತಾರೆ, ಅಳೆಯುವ ಕೈ ಬೇಕು, ಕಲಿತುಕೊಳ್ಳುತ್ತೀಯಾ ಎಂದು ಕೇಳಿದರು. ನೀರಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈ ಅವರ ಮುಂದೆ ಚಾಚಿದಳು. ಉಗುರು ನೋಡಿ ಎನ್ನುವ ಹಾಗೆ. ಮುಖದಲ್ಲಿ ನಗುವಿರಲಿಲ್ಲ.

ಉಗುರು ಸರಿಯಾಗಿತ್ತು.

ಕಲಿಸುವುದು ಸುಲಭವಾಗಲಿಲ್ಲ. ಮೂವತ್ತೊಂದು ವರ್ಷ ಕೈಯಿಂದಲೇ ತೋರಿಸಿದ್ದನ್ನು ಈಗ ಬಾಯಿಂದ ಹೇಳಬೇಕಿತ್ತು. ಎಷ್ಟು ಸಡಿಲ ಎಂದರೆ ಎಷ್ಟು? ಹಾಗೆ ಎಂದು ತೋರಿಸಲು ಬೆರಳು ಎತ್ತುತ್ತಿದ್ದರು, ಮತ್ತೆ ಕೆಳಗಿಳಿಸುತ್ತಿದ್ದರು. ಕೊನೆಗೆ ಕಣ್ಣಿನಿಂದ ಕಲಿಸಿದರು. ಕೈ ತೆಗೆದ ಮೇಲೆ ಎಲೆ ಅಲುಗಿದರೆ ತಪ್ಪು, ಅಲುಗದಿದ್ದರೆ ಸರಿ. ಮೊದಲ ವಾರವೆಲ್ಲ ಎಲೆಗಳು ಅಲುಗಿದವು.

ಹೊಸ ಬೆಳೆಯ ಮೊದಲ ಅಳತೆಯ ದಿನ ಸ್ಕೇಲಣ್ಣ ಗಾಜಿನ ಹೊರಗೆ ಮೇಜು ಹಾಕಿಕೊಂಡು ಪುಸ್ತಕ ಬಿಚ್ಚಿ ಕೂತರು. ಒಳಗಿನಿಂದ ನೀರಕ್ಕ ಅಂಕಿ ಕೂಗುವುದು, ಇವರು ಬರೆಯುವುದು. ಮೊದಲ ಗಿಡ. ಎಲೆ ಅವಳ ಬೆರಳ ನಡುವೆ ನೇರವಾಯಿತು. ಕೈ ಹೊರಬಂತು. ಸ್ಕೇಲಣ್ಣ ಗಾಜಿಗೆ ಹಣೆ ಹಚ್ಚಿ ನೋಡಿದರು.

"ಹನ್ನೊಂದೂವರೆ" ಎಂದಳು ನೀರಕ್ಕ.

"ಗಿಡಕ್ಕೆ ಗೊತ್ತಾಯ್ತಾ?"

"ನನ್ನನ್ಯಾಕೆ ಕೇಳ್ತೀರಿ ಸ್ಕೇಲಣ್ಣ? ಆರು ವಾರ ಆದ ಮೇಲೆ ಅದೇ ಹೇಳುತ್ತಲ್ಲ, ನಿಮಗೆ ಹೇಳಿದ ಹಾಗೆ."

ಮಾತು ಚುಚ್ಚಿತು. ಚುಚ್ಚಲೆಂದೇ ಹೇಳಿದ್ದು ಅದು. ಅವರು ತಲೆ ತಗ್ಗಿಸಿ ಹನ್ನೊಂದೂವರೆ ಎಂದು ಬರೆಯಹೊರಟರು. ಒತ್ತು ಹೆಚ್ಚಾಗಿ ಪೆನ್ಸಿಲ್ಲಿನ ಮುಳ್ಳು ಮುರಿಯಿತು. ಈ ಸಲ ಪೆನ್ಸಿಲ್ಲನ್ನು ಬೈಯಲಿಲ್ಲ. ಕೆತ್ತುವುದಕ್ಕೆ ಬ್ಲೇಡು ಹುಡುಕುತ್ತಾ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. ಅದರ ಹಿಂದೆ ಮೇಜಿನ ಅಂಚಿಗೆ ನಾಲ್ಕು ಪೆನ್ಸಿಲ್ಲು ಸಾಲಾಗಿ ಇದ್ದವು, ಕೆತ್ತಿ, ಮುಳ್ಳನ್ನು ಮೊಂಡಾಗಿ ಉಜ್ಜಿ ಇಟ್ಟದ್ದು. ಒತ್ತಿದರೂ ಮುರಿಯದ ಹಾಗೆ. ತಾವು ಇಟ್ಟದ್ದಲ್ಲ. ಪೆನ್ಸಿಲ್ಲಿನ ಬುಡದಲ್ಲಿ ಒದ್ದೆ ಬೆರಳಿನ ಗುರುತು ಇನ್ನೂ ಆರಿರಲಿಲ್ಲ.

ಒಳಗೆ ನೀರಕ್ಕ ಅವರಿಗೆ ಬೆನ್ನು ಹಾಕಿಕೊಂಡು ಎರಡನೇ ಗಿಡದ ಮುಂದೆ ನಿಂತಿದ್ದಳು. ಸ್ಕೇಲಣ್ಣ ಒಂದು ಪೆನ್ಸಿಲ್ಲು ತೆಗೆದುಕೊಂಡರು, ಅದು ಕೈಯಲ್ಲಿದೆ ಎಂಬುದನ್ನು ಕಣ್ಣಿನಿಂದ ಖಚಿತಪಡಿಸಿಕೊಂಡು, ಅಂಕಿ ಬರೆದರು.